ಅರಸನ ನಾಯಿಗೆ ಮರುದಿನದ ಅನ್ನ

ನಾನು ಶಾಲೆ ಬಿಟ್ಟದ್ದು ೧೯೯೬ರಲ್ಲಿ, ಏಳನೆಯ ತರಗತಿಯ ನಡುವೆ. ಅಲ್ಲಿಂದ ನನ್ನ ಜೊತೆ ಬಂದದ್ದು ಒಂದು ಕೈಯ ನೆನಪು. ಚರಿತ್ರೆ ಟೀಚರ ಬಲಗೈ. ಹೆಬ್ಬೆರಳ ಬುಡದಲ್ಲಿ ನಾಯಿ ಕಚ್ಚಿದ ಹಳೆಯ ಗುರುತು, ಅದರ ಗೆರೆಯಲ್ಲಿ ಯಾವಾಗಲೂ ಸೀಮೆಸುಣ್ಣದ ಪುಡಿ.

ಯುದ್ಧ, ಒಪ್ಪಂದ ಎಲ್ಲ ಮುಗಿದ ಮೇಲೆ ಟೀಚರ್ ಪುಸ್ತಕ ಮುಚ್ಚಿ, ನಾಡನ್ನು ಆಳಿದವರು ಸಾಕಿದ ಪ್ರಾಣಿಗಳ ಕಥೆ ಹೇಳುತ್ತಿದ್ದರು. ನಮ್ಮ ಮೊದಲ ಪ್ರಧಾನಿಯ ಮನೆಯ ಕೆಂಪು ಪಾಂಡಾ, ಅಮೆರಿಕದ ಅಧ್ಯಕ್ಷರೊಬ್ಬರ ಅಂಗಳದಲ್ಲಿ ಮೇಯುತ್ತಿದ್ದ ಕುರಿಗಳು. ಒಂದು ದಿನ, ಇಂಗ್ಲೆಂಡಿನ ಅರಸನೊಬ್ಬನ ಶವದ ಹಿಂದೆ ಅವನ ಪುಟ್ಟ ನಾಯಿ ನಡೆದದ್ದನ್ನು ಹೇಳಿ ಕೇಳಿದರು: "ಸರಿ, ಅರಸ ಹೋದ. ಮರುದಿನ ಆ ನಾಯಿಗೆ ಅನ್ನ ಹಾಕಿದ್ದು ಯಾರು?"

ನಾನು ಎದ್ದು, "ನಾನಾದ್ರೆ ಹಾಕ್ತಿದ್ದೆ ಟೀಚರ್" ಎಂದೆ.

"ನಿನ್ನ ಉಮ್ಮ ನಾಯಿಯನ್ನು ಗೇಟಿನ ಒಳಗೆ ಬಿಡ್ತಾರಾ ಮಾರಾಯ?" ಎಂದ ಹಿಂದಿನ ಬೆಂಚಿನವನು. ತರಗತಿಯೆಲ್ಲ ನಕ್ಕಿತು. ನಮ್ಮದು ಮುಸ್ಲಿಂ ಮನೆ, ನಾಯಿ ಸಾಕುವ ರೂಢಿ ಇಲ್ಲ. ಟೀಚರ್ ನಗಲಿಲ್ಲ. "ಅವ ಹೇಳಿದ್ದಾನೆ. ನನಗೆ ನೆನಪಿರ್ತದೆ" ಎಂದರು.

ಆ ವರ್ಷವೇ ತಂದೆ ತೀರಿಕೊಂಡರು, ಶಾಲೆ ಬಿಟ್ಟು ನಾನು ವೆಲ್ಡಿಂಗ್ ಕಲಿತೆ. ಯಾರ ಶಿಫಾರಸೂ ಇಲ್ಲದೆ ಪೇಟೆಯಂಚಿನ ಪಂಪ್‌ವೆಲ್‌ನಲ್ಲಿ ಸ್ವಂತ ಅಂಗಡಿ ಹಾಕಿದೆ. ಶಾಲೆಯವರು ಎದುರು ಬಂದರೆ ರಸ್ತೆ ದಾಟುತ್ತಿದ್ದೆ, ಕನಿಕರ ನನಗೆ ಆಗದು. ಒಮ್ಮೆ ಗೇಟು ಸರಿಮಾಡಲು ಪಡೀಲಿನ ಒಂದು ಮನೆಗೆ ಹೋದರೆ, ಬಾಗಿಲು ತೆರೆದದ್ದು ಅದೇ ಕೈ. ಟೀಚರ್ ನಿವೃತ್ತರಾಗಿದ್ದರು, ಒಂಟಿ. ಶಾಲೆ ಯಾಕೆ ಬಿಟ್ಟೆ ಎಂದು ಕೇಳಲಿಲ್ಲ. "ಸರಳಿನ ಸಂದು ಕಿರಿದು ಮಾಡು. ಇವಳು ನುಸುಳ್ತಾಳೆ" ಎಂದು, ಒಂದು ಕಣ್ಣು ಕುರುಡಾದ ನಾಯಿಯನ್ನು ತೋರಿಸಿದರು. ಆಮೇಲೆ ಆ ದಾರಿಯಲ್ಲಿ ಹೋಗುವುದು ನನಗೆ ಅಭ್ಯಾಸವಾಯಿತು.

ಇಂಗ್ಲೆಂಡಿನ ರಾಣಿ ತೀರಿಕೊಂಡ ವರ್ಷ ಟೀಚರಿಗೆ ಕ್ಯಾನ್ಸರ್. ರಾಣಿಯ ಅಂತ್ಯಯಾತ್ರೆಯನ್ನು ಟಿವಿಯಲ್ಲಿ ನೋಡುತ್ತಿದ್ದೆವು. ರಾಣಿ ಸಾಕಿದ ಗಿಡ್ಡ ಕಾಲಿನ ಎರಡು ನಾಯಿಗಳು ಅರಮನೆಯ ಅಂಗಳದಲ್ಲಿ ಕಾಯುತ್ತಿದ್ದವು. ಟೀಚರನ್ನು ನೋಡಿಕೊಳ್ಳಲು ಬಂದಿದ್ದ ಅವರ ತಮ್ಮನ ಮಗ, ಅವರ ಕಾಲ ಬಳಿ ಮಲಗಿದ್ದ ನಾಯಿಯನ್ನು ತೋರಿಸಿ ಹೇಳಿದ: "ಅತ್ತೆ, ಇದನ್ನು ಸೇತುವೆ ದಾಟಿಸಿ ತೊಕ್ಕೊಟ್ಟಿನ ಮಾರ್ಕೆಟಲ್ಲಿ ಬಿಟ್ಟು ಬರುವ. ಅಲ್ಲಿ ತಿನ್ಲಿಕ್ಕೆ ಬೇಕಾದಷ್ಟು ಉಂಟು."

ಟೀಚರ್ ಟಿವಿಯಿಂದ ಕಣ್ಣು ತೆಗೆಯದೆ, "ನಾಳೆ ಇವಕ್ಕೆ ಅನ್ನ ಹಾಕುವುದು ಯಾರು?" ಎಂದರು. ಸ್ವರ ತರಗತಿಯದ್ದೇ.

"ನಾನು ಹಾಕ್ತೇನೆ ಟೀಚರ್."

"ಉಮ್ಮ ಎಂತ ಹೇಳ್ತಾರೆ?"

"ಅವರ ಹತ್ತಿರ ನಾನು ಮಾತಾಡ್ತೇನೆ."

ಉಮ್ಮ ಮೊದಲು ಮುಖ ತಿರುಗಿಸಿದರು. ಕೊನೆಗೆ, "ಮನೆಗೆ ಬೇಡ. ಅಂಗಡಿ ಕಾಯಲಿ. ಆದ್ರೆ ಹಸಿದು ಮಲಗಿಸ್ಬೇಡ" ಎಂದರು.

ಟೀಚರ ಚಿತೆ ಹೊತ್ತಿಕೊಳ್ಳುವವರೆಗೆ ನಾಯಿಯ ಹಗ್ಗ ಹಿಡಿದು ದೂರದಲ್ಲಿ ನಿಂತಿದ್ದೆ. ಮರುದಿನ ಬೆಳಿಗ್ಗೆ, ಅಂಗಡಿಯ ಶಟರ್ ಎತ್ತುವ ಮೊದಲು, ಉಮ್ಮ ಕಟ್ಟಿಕೊಟ್ಟ ಮೀನುಸಾರಿನ ಅನ್ನ ಹಾಕಿದೆ. ಮೂಸಿ ನೋಡಿ ಬಿಟ್ಟಿತು. ಸಂಜೆ ತಿಂದಿತು.

ಈಗ ನನ್ನಲ್ಲಿರುವುದು: ಒಂದು ಅಂಗಡಿ, ಇಬ್ಬರು ಕೆಲಸದವರು, ಸ್ವಂತ ಮನೆ, ಮೂವರು ಮಕ್ಕಳು, ಆರು ತರಗತಿಯ ಓದು, ಒಂದು ಮುದಿ ನಾಯಿ.