ರೇವಣಸಿದ್ದನ ಕ್ಯಾಪ್ಚರ್ ಕಾರ್ಡು

ಕೆಂಭಾವಿಯ ಕಿರಾಣಿ ಅಂಗಡಿಯ ರೇವಣಸಿದ್ದನಿಗೆ ಮೀಸೆ ನರೆತರೂ ವಿಡಿಯೊ ಗೇಮಿನ ಹುಚ್ಚು ಬಿಟ್ಟಿಲ್ಲ. ಗೇಮಿನ ಪೆಟ್ಟಿಗೆಯನ್ನು ಅವನು ಟಿವಿಗೆ ಹಚ್ಚುವುದಿಲ್ಲ. ಬೆರಳುದ್ದದ ಕ್ಯಾಪ್ಚರ್ ಕಾರ್ಡಿನ ಮೂಲಕ ಚಿತ್ರವನ್ನು ಲ್ಯಾಪ್‌ಟಾಪಿಗೆ ತರುತ್ತಾನೆ. ಅಂಗಡಿಯ ತಕ್ಕಡಿಗೆ ಬಳಿದಂತೆ ಆ ಕಾರ್ಡಿಗೂ ದಿನಾ ವಿಭೂತಿ ಬಳಿಯುತ್ತಾನೆ. ಆದರೂ ಗುಂಡಿ ಒತ್ತಿದ ಮೇಲೆ ಚಿತ್ರ ತುಸು ತಡವಾಗಿಯೇ ಬರುವುದರಿಂದ, ಗೇಮಿನಲ್ಲಿ ಅವನ ಕಾರು ಪ್ರತಿ ತಿರುವಿನಲ್ಲೂ ಗೋಡೆಗೆ ಗುದ್ದುತ್ತದೆ. “ಟಿವಿಗೇ ಹಚ್ಚಬಾರದೇನ್ರಿ ಸಾವುಕಾರ್ರ?” ಎಂದರೆ, “ಟಿವಿ ಅವ್ವಂದ್ರಿ. ಆಕಿ ಸೀರಿಯಲ್ ನೋಡ್ತಾಳ” ಎನ್ನುತ್ತಾನೆ. ಅವಳಿಗೆ ಮಾತು ಸರಿಯಾಗಿ ಕೇಳಲೆಂದು ಗೇಮಿನ ಸದ್ದನ್ನೂ ಪೂರ್ತಿ ಬಂದ್ ಮಾಡಿರುತ್ತಾನೆ. ಪಕ್ಕದಲ್ಲಿ ಕೂತ ಅವ್ವ ದೇವಕ್ಕನ ಟಿವಿಯಲ್ಲೂ ಸದ್ದಿರುವುದಿಲ್ಲ. ಯಾಕೆಂದು ಕೇಳಿದರೆ, “ಕೂಸು ಆಡಾಕತ್ತದ, ಗದ್ದಲ ಯಾಕ?” ಎಂದು ಪಿಸುಗುಟ್ಟುತ್ತಾಳೆ.