ಅರಳಿಗೂ ಬೇವಿಗೂ ಧಾರೆ ಎರೆದ ಶ್ರಾವಣ

ವನಮಹೋತ್ಸವ ಎಂಬ ಮಾತು ನನಗೆ ಈಗಲೂ ಸೇರುವುದಿಲ್ಲ. ಮೊಮ್ಮಕ್ಕಳು ಶಾಲೆಯಿಂದ ಸಸಿ ಹಿಡಿದುಕೊಂಡು ಬಂದರೆ ಸುಮ್ಮನೆ ಎದ್ದು ಒಳಗೆ ಹೋಗುತ್ತೇನೆ. ಗಿಡ ಏನು ಪಾಪ ಮಾಡಿತ್ತು, ಅದರ ಮೇಲೇಕೆ ನಿನಗೆ ಸಿಟ್ಟು ಎಂದು ಮನೆಯವರು ಕೇಳುತ್ತಾರೆ. ಗಿಡದ ಮೇಲೆ ಸಿಟ್ಟಿಲ್ಲ.

ಅರವತ್ತರ ದಶಕದ ಶುರು. ನಾನು ಚಿಕ್ಕಬಳ್ಳಾಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದೆ. ನಮ್ಮೂರು ಗೌರಿಬಿದನೂರಿನ ಆಚೆ, ವಿದುರಾಶ್ವತ್ಥದ ಮಗ್ಗುಲಲ್ಲಿ. ಊರಿನಲ್ಲಿ ಹೈಸ್ಕೂಲು ದಾಟಿದ ಹೆಣ್ಣು ನಾನೊಬ್ಬಳೇ. ದೊಡ್ಡಪ್ಪನ ಮಾತು ಮೀರಿ ಅಪ್ಪ ನನ್ನನ್ನು ಕಾಲೇಜಿಗೆ ಹಾಕಿದ್ದರು. ಇವಳ ಬಗ್ಗೆ ಒಂದು ಮಾತು ಬಂದರೂ ಮಾರನೆಯ ದಿನವೇ ಮನೆಗೆ ಕರೆತರಬೇಕು ಎಂದು ದೊಡ್ಡಪ್ಪ ಎಲ್ಲರೆದುರು ಹೇಳಿ, ಅಪ್ಪನನ್ನು ಒಪ್ಪಿಸಿದ್ದರು. ನನಗೋ, ಡಿಗ್ರಿ ಮುಗಿಸಿ ಯಾವುದಾದರೂ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡಬೇಕು ಎಂಬ ಹುಚ್ಚು. ಅದೊಂದು ಬಿಟ್ಟರೆ ಬೇರೆ ಯಾವ ಆಸೆಯೂ ಇರಲಿಲ್ಲ.

ಕಾಲೇಜಿನ ವನಮಹೋತ್ಸವ ಒಂದು ದೊಡ್ಡ ನಾಟಕ. ಆಷಾಢದಲ್ಲಿ ಅಧಿಕಾರಿಗಳು ಜೀಪಿನಲ್ಲಿ ಬಂದು, ಯಾರೋ ತೋಡಿಟ್ಟ ಗುಂಡಿಗೆ ಸಸಿ ಇಳಿಸಿ, ಫೋಟೋ ತೆಗೆಸಿಕೊಂಡು, ಕಾಫಿ ಕುಡಿದು ಹೋಗುವರು. ದೀಪಾವಳಿಯ ಹೊತ್ತಿಗೆ ಅಷ್ಟನ್ನೂ ಮೇಕೆಗಳು ಸವರಿರುತ್ತಿದ್ದವು. ಮುಂದಿನ ವರ್ಷ ಅದೇ ಗುಂಡಿಗೆ ಹೊಸ ಸಸಿ, ಹೊಸ ಅಧಿಕಾರಿ. ಆ ವರ್ಷ ವಿದ್ಯಾರ್ಥಿ ಸಂಘದವರು, ಈ ಸಲ ಹಬ್ಬ ನಮ್ಮದು, ನಾವೇ ನೆಡುತ್ತೇವೆ, ನಾವೇ ಉಳಿಸುತ್ತೇವೆ ಎಂದು ಹಟ ಹಿಡಿದರು. ಸಂಘದ ಕಾರ್ಯದರ್ಶಿ ನಮ್ಮ ಕ್ಲಾಸಿನವನೇ, ಶಿಡ್ಲಘಟ್ಟದ ಕಡೆಯ ಹುಡುಗ, ಬಾಯಿ ಬಿಟ್ಟರೆ ಭಾಷಣ. ಭಾಷಣಕ್ಕೆ ಮೇಕೆ ಹೆದರುತ್ತದೆಯೇ ಎಂದು ನಾನು ಕೇಳಿದೆ. ನಮ್ಮ ಕಡೆ ಜನ ಅರಳಿಗೂ ಬೇವಿಗೂ ಮದುವೆ ಮಾಡುತ್ತಾರೆ, ಮದುವೆಯಾದ ಮರದ ಕಡ್ಡಿ ಮುರಿಯಲೂ ಅಂಜುತ್ತಾರೆ, ಇಲ್ಲೂ ಹಾಗೇ ಮಾಡಿದರೆ ಊರೇ ಕಾವಲಿಗೆ ನಿಲ್ಲುತ್ತದೆ ಎಂದೆ. ಎಲ್ಲರೂ ಕುಣಿದಾಡಿಬಿಟ್ಟರು. ನಾನೂ ಹಿಗ್ಗಿದೆ.

ಆಷಾಢದಲ್ಲಿ ಮದುವೆ ಸಲ್ಲದೆಂದು ಹಬ್ಬವನ್ನು ಶ್ರಾವಣಕ್ಕೆ ತಳ್ಳಿದೆವು. ಮೊಳಕಾಲುದ್ದದ ಸಸಿಗಳಿಗೆ ಮುಂಜಿಯಿಲ್ಲ, ಏನಿಲ್ಲ, ಇದು ಬಾಲ್ಯವಿವಾಹ ಎಂದು ಪುರೋಹಿತರು ನಗಾಡಿಕೊಂಡೇ ಒಪ್ಪಿದರು. ಚಪ್ಪರ, ಮಾವಿನ ತೋರಣ, ವಾಲಗ, ಅಚ್ಚು ಹಾಕಿಸಿದ ಲಗ್ನಪತ್ರಿಕೆ. ಸಂತೆಯ ದಿನ ಬೇರೆ, ಅರ್ಧ ಪೇಟೆ ಬಂದು ನೆರೆಯಿತು. ಬೇವಿನ ಹೆಣ್ಣನ್ನು ಧಾರೆ ಎರೆದುಕೊಡಲು ಸಸ್ಯಶಾಸ್ತ್ರದ ಮೇಷ್ಟ್ರು ದಂಪತಿ ಕೂರಬೇಕಿತ್ತು. ಬೆಳಿಗ್ಗೆ ಅವರ ಮನೆಗೆ ಸೂತಕದ ಸುದ್ದಿ ಬಂತು. ಮುಹೂರ್ತ ಮೀರುತ್ತದೆ, ಯಾರಾದರೂ ಕೂರಿ ಎಂದು ಪುರೋಹಿತರು ಅವಸರ ಮಾಡಿದರು. ಕಾರ್ಯದರ್ಶಿ ಹೆಗಲ ಮೇಲೆ ಟವೆಲು ಹಾಕಿಕೊಂಡು ಕೂತ. ಕಳಶ ಹಿಡಿದಿದ್ದವಳು ನಾನು, ನನ್ನನ್ನು ಪಕ್ಕಕ್ಕೆ ತಳ್ಳಿ ಕೂರಿಸಿದರು. ಮಂತ್ರ ಹೇಳುತ್ತ ಹೇಳುತ್ತ ಪುರೋಹಿತರು ಕೈ ರೂಢಿಯಲ್ಲಿ ನನ್ನ ಸೆರಗನ್ನೂ ಅವನ ಟವೆಲನ್ನೂ ಸೇರಿಸಿ ಗಂಟು ಹಾಕಿಬಿಟ್ಟರು. ಹುಡುಗರು ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ.

ಸಂತೆಗೆ ಬಂದಿದ್ದ ನಮ್ಮೂರಿನವರು ಯಾರೋ ಚಪ್ಪರದ ಅಂಚಿನಲ್ಲಿ ನಿಂತು ನೋಡಿದ್ದಾರೆ. ಸಂಜೆಯ ಬಸ್ಸಿನಲ್ಲಿ ಸುದ್ದಿ ಊರು ಸೇರಿತು. ಅರಳಿ, ಬೇವು ಎರಡೂ ದಾರಿಯಲ್ಲೇ ಉದುರಿಹೋಗಿ, ಮದುವೆ ಮಾತ್ರ ಉಳಿದಿತ್ತು.

ಬೆಳಿಗ್ಗೆ ಮೊದಲ ಬಸ್ಸಿಗೇ ಅಪ್ಪ ಬಂದರು. ಅತ್ತೆ ಕೈ ಹಿಸುಕಿಕೊಳ್ಳುತ್ತ, "ಎಂತ ಪನಿ ಚೇಸ್ತಿವೇ ತಲ್ಲಿ", ಎಂಥ ಕೆಲಸ ಮಾಡಿಬಿಟ್ಟೆಯೇ ತಾಯಿ, ಎಂದು ತೆಲುಗಿನಲ್ಲೇ ಗೋಳಾಡಿದರು. ಅಪ್ಪನಿಗೆ ಒಂದು ಗಳಿಗೆ ಇರಿ ಎಂದು ಹೇಳಿ, ಬರಿಗಾಲಲ್ಲಿ ಮೇಷ್ಟ್ರ ಮನೆಗೆ ಓಡಿದೆ. ಅವರು ಬಾಗಿಲಲ್ಲೇ ನಿಂತು, ಸೂತಕದಲ್ಲಿ ಇನ್ನೊಬ್ಬರ ಮನೆಗೆ ಬರುವ ಹಾಗಿಲ್ಲ, ಮೇಲಾಗಿ ಇದು ನಿಮ್ಮ ಮನೆಯ ವಿಚಾರ ಎಂದರು. ಕಾರ್ಯದರ್ಶಿಯನ್ನು ಕರೆಯೋಣವೆಂದರೆ ಬೆಂಕಿಗೆ ಸೀಮೆಎಣ್ಣೆ ಸುರಿದಂತೆ. ಉಳಿದವರು ಪುರೋಹಿತರು. ಅವರ ಕಾಲಿಗೆ ಬಿದ್ದು ಕಣ್ಣೀರಿಟ್ಟೆ. ಪಾಪ, ಪೂಜೆಯನ್ನು ಅರ್ಧಕ್ಕೇ ಬಿಟ್ಟು ಬಂದರು.

ಬಂದವರು ಅಪ್ಪನೆದುರು ಕೈ ಮುಗಿದು, "ಗೌಡ್ರೇ, ದೇವರಾಣೆಗೂ ನಿಮ್ಮ ಮಗಳಿಗೆ ಮದ್ವೆ ಆಗಿಲ್ಲ. ಕನ್ಯಾದಾನಕ್ಕೆ ಕೂರೋರ್ಗೆ ಗಂಟು ಹಾಕೋದು ಪದ್ಧತಿ. ಅವರು ಮೊದ್ಲೇ ಗಂಡ ಹೆಂಡ್ತಿ ಆಗಿರ್ತಾರಲ್ಲ, ಅದಕ್ಕೇ" ಎಂದರು.

ಹೇಳಿ ಮುಗಿಸಿದ ಮೇಲೆ ಅವರಿಗೇ ತಾವು ಹೇಳಿದ್ದು ಕೇಳಿಸಿತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೊರಗೆ ನಿಂತು ಕಿವಿಗೊಟ್ಟಿದ್ದ ನೆರೆಯವರಿಗೆ ಇನ್ನೇನು ಬೇಕಿತ್ತು? ನನಗೆ ಆ ಮನುಷ್ಯನ ಜುಟ್ಟು ಹಿಡಿದು ಎಳೆಯಬೇಕು ಎನ್ನಿಸಿತು, ಇವತ್ತಿಗೂ ಎನ್ನಿಸುತ್ತದೆ.

ಅಪ್ಪ ಪುರೋಹಿತರಿಗೆ ನೀರು ಕೊಡಿಸಿ, ಮರ್ಯಾದೆಯಿಂದಲೇ ಕಳಿಸಿದರು. ನನ್ನ ಟ್ರಂಕನ್ನು ತಾವೇ ಹೊರಗೆ ತಂದಿಟ್ಟರು. ನಾನು ಅಡ್ಡ ನಿಂತೆ. ಕೂಗಿ ಜಗಳವಾಡಲು ಬೆಳಗಿನಿಂದ ಓಡಾಡುತ್ತಲೇ ಮಾತು ಜೋಡಿಸಿಟ್ಟುಕೊಂಡಿದ್ದೆ: ನನ್ನ ಮೇಲೆ ನಂಬಿಕೆ ಇಲ್ಲವೇ, ಹೆತ್ತ ಮಗಳಿಗಿಂತ ಬಸ್ಸಿನ ಮಾತು ಹೆಚ್ಚೇ, ಬನ್ನಿ, ಆ ಸಸಿಗಳನ್ನು ಕಣ್ಣಾರೆ ನೋಡಿ. ಅದನ್ನೆಲ್ಲ ಬಿಟ್ಟು, "ಅಪ್ಪ, ಡಿಗ್ರಿ ಒಂದು ಮುಗಿಸ್ಕೊಂಡು ಬರ್ತೀನಿ. ಆಮೇಲೆ ನೀವು ಹೇಳ್ದಂಗೆ ಕೇಳ್ತೀನಿ" ಎಂದಷ್ಟೇ ಹೇಳಿದೆ.

ಅಪ್ಪ ನನ್ನ ತಲೆಯ ಮೇಲೆ ಕೈ ಇಟ್ಟರು. "ನಾನು ನಿನ್ನ ನಂಬ್ತೀನಿ ಕಣಮ್ಮ. ಒಂದು ಮಾತೂ ನಿನ್ನ ಕೇಳಲ್ಲ. ಆದ್ರೆ ಮನೆ ಮನೆಗೂ ಹೋಗಿ ನಂಬ್ಸೋಕೆ ನನ್ನ ಕೈಲಿ ಆಗಲ್ಲ."

ನಂಬದೆ ಇದ್ದಿದ್ದರೆ ಏನಾದರೂ ಮಾಡಬಹುದಿತ್ತು. ಅಳಬಹುದಿತ್ತು, ಆಣೆ ಇಡಬಹುದಿತ್ತು, ಸಾಕ್ಷಿ ತರಬಹುದಿತ್ತು. ನಂಬಿ ಕರೆದುಕೊಂಡು ಹೋಗುವ ಅಪ್ಪನ ಎದುರು ಏನು ಮಾಡುವುದು? ಬಸ್ಸಿನಲ್ಲಿ ಅವರು ನನಗೆ ಕಿಟಕಿಯ ಪಕ್ಕ ಜಾಗ ಬಿಟ್ಟುಕೊಟ್ಟರು. ಊರಿನಲ್ಲಿ ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಅಮ್ಮ ಬಿಸಿ ಮುದ್ದೆ ಬಡಿಸಿದಳು. ಶ್ರಾವಣ ಮುಗಿಯುವುದರೊಳಗೆ ದೊಡ್ಡವರು ನೋಡಿದ ಗಂಡಿನೊಡನೆ ನನ್ನ ಮದುವೆ ಆಯಿತು.