ಮಧುನಾಶಿನಿಯ ಎಲೆ ಹಿಡಿದ ಕೈ

ನನ್ನ ಅತ್ತಿಗೆಗೆ ಆದ ಅನ್ಯಾಯ ಇಷ್ಟು: ಕಾಲೇಜಿನ ಫಲಕದ ಮೇಲೆ ಅವರ ಕೈ ಇದೆ, ಅವರಿಲ್ಲ. ಚಿತ್ರದಲ್ಲಿ ಬಲಗೈಯೊಂದು ಮಧುನಾಶಿನಿಯ ಎಲೆಯನ್ನು ತೊಟ್ಟಿನಲ್ಲಿ ಹಿಡಿದು ಎತ್ತಿ ತೋರಿಸುತ್ತಿದೆ. ಹೆಬ್ಬೆರಳ ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಹಸಿರು ಕರೆ, ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡ ಕಿರುಬೆರಳು, ಸವೆದು ತೆಳ್ಳಗಾದ ಒಂದು ಬೆಳ್ಳಿ ಬಳೆ. ಮಣಿಕಟ್ಟಿಗೆ ಚಿತ್ರ ಮುಗಿಯುತ್ತದೆ. ಕೆಳಗೆ ಬರೆದಿರುವುದು, ‘ಎಲೆ ಸಂಗ್ರಹ: ಸ್ಥಳೀಯ ಮಹಿಳೆ’.

ನಾವು ರಾಜಘಟ್ಟದವರು. ಹಳೆಯ ಬೌದ್ಧ ವಿಹಾರದ ಅಗೆತದಲ್ಲಿ ಸಿಕ್ಕ ಮಣ್ಣಿನ ಚೂರುಗಳಿಗೂ ಗುರುತು ಬರೆದು ಚೀಲಕ್ಕೆ ಹಾಕಿದ್ದನ್ನು ಕಂಡ ಊರು ನಮ್ಮದು. ಆ ಊರಿನ ಹೆಂಗಸಿನ ಹೆಸರಿಗೆ ಒಂದು ಸಾಲಿನ ಜಾಗವಿರಲಿಲ್ಲ. ನಾನು ಸರ್ವೆ ಇಲಾಖೆಯಲ್ಲಿ ದುಡಿದವನು. ಗುರುತಿನ ಕಲ್ಲನ್ನು ಯಾರಾದರೂ ಸರಿಸಿದರೆ ಸುಮ್ಮನಿರುವುದು ನನ್ನಿಂದಾಗದು.

ಮಧುನಾಶಿನಿ ಅವರ ಹಿತ್ತಿಲ ಬೇಲಿಗೆ ಹಬ್ಬಿದ ಬಳ್ಳಿ. ಸಕ್ಕರೆ ಕಾಯಿಲೆಗೆ ಅದು ಒಳ್ಳೆಯದೆಂಬ ಮಾತು ನಮ್ಮ ಕಡೆ ಹಿಂದಿನಿಂದಲೂ ಇದೆ. ನನ್ನ ಅಣ್ಣ, ಅಂದರೆ ಅತ್ತಿಗೆಯ ಗಂಡ, ಆ ಮಾತನ್ನೇ ನಂಬಿ, ಯಾರೋ ಕೊಟ್ಟ ಕಷಾಯ ಕುಡಿದು, ಡಾಕ್ಟರ ಮಾತ್ರೆ ಬಿಟ್ಟ. ಮೊದಲು ಕಾಲು ಹೋಯಿತು, ಆಮೇಲೆ ಜೀವ. ಬೇರೆ ಯಾರಾದರೂ ಆಗಿದ್ದರೆ ಬಳ್ಳಿಯನ್ನು ಬೇರುಸಹಿತ ಕಿತ್ತೆಸೆಯುತ್ತಿದ್ದರು. ಅತ್ತಿಗೆ ಅದಕ್ಕೆ ನೀರು ಹಾಕಿದರು. ಆದರೆ ಎಲೆಯ ಪುಡಿ ಕೇಳಿಕೊಂಡು ಬಂದವರನ್ನೆಲ್ಲ ಬರಿಗೈಯಲ್ಲಿ ಕಳಿಸಿದರು. ನನಗೂ ಅದೇ ಕಾಯಿಲೆ ಬಂದು, ನಾಚಿಕೆ ಬಿಟ್ಟು ಕೇಳಿದಾಗ ನನಗೂ ಕೊಡಲಿಲ್ಲ.

“ಎಲೆ ಎಲ್ಲೂ ಓಡೋಗಲ್ಲ ಕಣೋ. ಅದ್ರಲ್ಲಿ ಏನೈತೆ, ಎಷ್ಟ್ ಕೊಡ್ಬೇಕು ಅಂತ ಓದ್ಕೊಂಡೋರು ಅಳೆದು ಹೇಳ್ಲಿ. ಅಲ್ಲೀಗಂಟ ಮಾತ್ರೆ ನುಂಗು. ಇನ್ನೊಂದು ಕಾಲು ಕಳ್ಕೊಳೋಕೆ ಈ ಮನೇಲಿ ಜಾಗ ಇಲ್ಲ.”

ಅಳೆಯುವವರು ತಾವಾಗಿ ಬರಲಿ ಎಂದು ಅವರು ಕಾದು ಕೂರಲಿಲ್ಲ. ಗಿಡಮೂಲಿಕೆಗಳ ಸತ್ವ ತೆಗೆದು ಪರೀಕ್ಷಿಸುವ ಕಾಲೇಜೊಂದು ಇದೆಯೆಂದು ಕೇಳಿ, ಚೀಲದ ತುಂಬ ಎಲೆ ತುಂಬಿಕೊಂಡು ಬಸ್ಸು ಹತ್ತಿದರು. ಕಾಲೇಜಿನವರು ಒಪ್ಪಿದರು. ವಿದ್ಯಾರ್ಥಿನಿಯೊಬ್ಬಳು ಹಿತ್ತಿಲಿಗೆ ಬಂದು, ಅತ್ತಿಗೆಯನ್ನು ಬಳ್ಳಿಯ ಪಕ್ಕ ನಿಲ್ಲಿಸಿ ಚಿತ್ರವನ್ನೂ ತೆಗೆದುಕೊಂಡಳು. ಎರಡನೆಯ ಸಲಕ್ಕೆ ಮುಖ್ಯಸ್ಥರು, ಎಲೆ ತರಲು ಆಕೆಯೇ ಏಕೆ ಬೇಕು ಎಂದು ಆಳುಗಳನ್ನು ಬೇಲಿ ಬೇಲಿಗೆ ಕಳಿಸಿ ಮೂಟೆಗಟ್ಟಲೆ ತರಿಸಿದರು. ಆ ಎಲೆಯ ಸತ್ವದಲ್ಲಿ ಅವರು ಹುಡುಕುತ್ತಿದ್ದ ಔಷಧದ ಅಂಶ ಸಿಗಲಿಲ್ಲ. ಕೆಲಸ ನಿಲ್ಲಿಸುತ್ತಾರಂತೆ ಎಂದು ಆ ವಿದ್ಯಾರ್ಥಿನಿ ಫೋನು ಮಾಡಿದಳು.

ಮಾರನೆಯ ಬೆಳಿಗ್ಗೆ ಅತ್ತಿಗೆ ಸೆರಗಿನ ಗಂಟಿನಲ್ಲಿ ಬೆಲ್ಲದ ಚೂರು ಕಟ್ಟಿಕೊಂಡು ಹೊರಟರು. ಜೊತೆಗೆ ನಾನೂ ಹೋದೆ. ಪ್ರಯೋಗಾಲಯದ ಮೂಟೆಯಿಂದಲೇ ಒಂದು ಒಣಗಿದ ಎಲೆ ತೆಗೆದು ಮುಖ್ಯಸ್ಥರ ಕೈಗಿಟ್ಟು, ಅಗಿಯಲು ಹೇಳಿದರು. ಆಮೇಲೆ ಬೆಲ್ಲ ಕೊಟ್ಟರು.

“ಸೀ ಐತಾ ಸಾರ್?”

“ಸಿಹಿ ಇದೆಯಮ್ಮ. ಬೆಲ್ಲ ಅಲ್ವಾ?”

“ಹಂಗಾದ್ರೆ ಇದು ಮಧುನಾಶಿನಿ ಅಲ್ಲ. ಬೇಲೀಲಿ ಅದ್ರ ಮಗ್ಗುಲಲ್ಲೇ ಹಬ್ಬೋ ಬೇರೆ ಬಳ್ಳಿ. ಈಗ ಇದನ್ನ ಅಗೀರಿ.”

ತಮ್ಮ ಹಿತ್ತಿಲ ಎಲೆ ಕೊಟ್ಟು, ಮತ್ತೆ ಬೆಲ್ಲ ಕೊಟ್ಟರು. ಮುಖ್ಯಸ್ಥರು ಮುಖ ಕಿವುಚಿದರು. ಮರಳು ಬಾಯಿಗೆ ಹಾಕಿಕೊಂಡಂತಿದೆ ಎಂದರು. ಮಧುನಾಶಿನಿಯ ಗುಣವೇ ಅದು. ಅಗಿದವರ ನಾಲಗೆಗೆ ಸ್ವಲ್ಪ ಹೊತ್ತು ಸಿಹಿಯೇ ತಿಳಿಯುವುದಿಲ್ಲ.

“ನಿಮ್ ಮಿಷನ್ನು ಸುಳ್ಳೇಳಿಲ್ಲ ಸಾರ್,” ಎಂದರು ಅತ್ತಿಗೆ. “ಅದಕ್ಕೆ ತಿನ್ನಿಸಿದ್ದೇ ತಪ್ಪು.”

ಕೆಲಸ ಮತ್ತೆ ಶುರುವಾಯಿತು. ಅದರ ವಿವರಗಳ ಫಲಕವನ್ನು ಅನಾವರಣ ಮಾಡಿದ ದಿನ ಅತ್ತಿಗೆ ಮದುವೆಗಳಿಗೆಂದೇ ಎತ್ತಿಟ್ಟಿದ್ದ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಅವರಿಗೆ ವೇದಿಕೆಯ ಮೇಲೆ ಕುರ್ಚಿ ಇರಲಿಲ್ಲ, ಕೆಳಗೂ ಇರಲಿಲ್ಲ. ಹಂಚುತ್ತ ಬಂದ ಕಾಫಿ ಮೂರನೆಯ ಸಾಲಿಗೇ ನಿಂತುಹೋಯಿತು, ಹಿಂದೆ ನಿಂತಿದ್ದ ಅವರವರೆಗೆ ಬರಲಿಲ್ಲ. ಭಾಷಣಗಳು ಮುಗಿದ ಮೇಲೆ ಫಲಕದ ಮುಂದೆ ಬಹಳ ಹೊತ್ತು ನಿಂತು ನೋಡಿದರು.

“ನನ್ ಕೈ ಕಣೋ ಇದು. ಬೆರಳು ನೋಡು.” ಆಮೇಲೆ ಚಿತ್ರದ ಎಲೆಯತ್ತ ಬೆರಳು ತೋರಿಸಿ, “ಎಲೆ ಸರಿಯಾಗೈತೆ ಬಿಡು.”

ಅವರಿಗೆ ಅಷ್ಟು ಸಾಕಾಯಿತು. ನನಗೆ ಸಾಲಲಿಲ್ಲ. ಮುಖ್ಯಸ್ಥರಿಗೆ ಎರಡು ರಿಜಿಸ್ಟರ್ಡ್ ಪತ್ರ ಬರೆದೆ. ತಲುಪಿದ ರಸೀದಿಗಳು ನನ್ನ ಬಳಿ ಇವೆ, ಉತ್ತರಗಳಿಲ್ಲ.

ಅತ್ತಿಗೆ ಹೋದ ವರ್ಷ ತೀರಿಕೊಂಡರು. ಬಳ್ಳಿ ಚೆನ್ನಾಗಿದೆ. ಆ ವಿದ್ಯಾರ್ಥಿನಿ ಈಗ ಅಲ್ಲಿಯೇ ಸಂಶೋಧಕಿ. ತಿಂಗಳಿಗೊಮ್ಮೆ ಬಂದು ಎಲೆ ಅಗಿದು, ಬೆಲ್ಲ ಬಾಯಿಗಿಟ್ಟು, ಮುಖ ಕಿವುಚಿದ ಮೇಲೆಯೇ ಬುಟ್ಟಿ ತುಂಬುತ್ತಾಳೆ. ಈ ಪರೀಕ್ಷೆಯಿಲ್ಲದೆ ಒಂದು ಎಲೆಯೂ ಒಳಗೆ ಹೋಗಬಾರದೆಂದು ಕಾಲೇಜಿನಲ್ಲಿ ಈಗ ನಿಯಮವೇ ಇದೆಯಂತೆ. ಎಷ್ಟು ಕೊಡಬೇಕು, ಮಾತ್ರೆಯ ಜೊತೆ ಹೊಂದುತ್ತದೆಯೇ ಎಂಬುದನ್ನು ಅಳೆಯುವ ಕೆಲಸ ನಡೆದಿದೆ. ಅದು ಕೈಗೂಡುತ್ತದೆಂಬ ಭರವಸೆ ನನಗಿದೆ. ಅಲ್ಲಿಯವರೆಗೆ ಮಾತ್ರೆ ನುಂಗುತ್ತಾ, ದಿನವೂ ಆ ಬಳ್ಳಿಯವರೆಗೆ ನನ್ನ ಎರಡು ಕಾಲಿನಲ್ಲೇ ನಡೆದು ಬರುತ್ತೇನೆ. ಆ ಕಾಲುಗಳು ಅತ್ತಿಗೆ ಉಳಿಸಿಕೊಟ್ಟವು.

ಅವರ ಹೆಸರನ್ನು ನಾನೂ ಇಲ್ಲಿ ಬರೆದಿಲ್ಲ. ಅದು ಮರೆವಲ್ಲ, ಆ ಹೆಸರು ಮೊದಲು ಕಾಣಬೇಕಾದ ಜಾಗ ಬೇರೆ ಇದೆ. ಹಿತ್ತಿಲಲ್ಲಿ ತೆಗೆದ ಇಡೀ ಚಿತ್ರದ ಒಂದು ಪ್ರತಿಯನ್ನು ಆ ಹುಡುಗಿ ನನಗೆ ಕೊಟ್ಟಿದ್ದಾಳೆ. ಅದರಲ್ಲಿ ಅತ್ತಿಗೆ ಎಲೆ ಎತ್ತಿ ಹಿಡಿದು ನಗುತ್ತಿದ್ದಾರೆ.

ಕಾಲೇಜಿನ ಮುಖ್ಯಸ್ಥರೇ, ನಿಮ್ಮ ಮೂಟೆಯಲ್ಲಿದ್ದ ತಪ್ಪನ್ನು ನಿಮ್ಮ ನಾಲಗೆಗೇ ತೋರಿಸಿಕೊಟ್ಟವರು ಅವರು. ಮಣಿಕಟ್ಟಿನ ಬಳಿ ನೀವು ಕತ್ತರಿಸಿ ತೆಗೆದ ಆ ಹೆಣ್ಣುಮಗಳನ್ನು ಫಲಕಕ್ಕೆ ಯಾವಾಗ ಹಿಂದಿರುಗಿಸುತ್ತೀರಿ?